ಅರ್ಧ ಇಂಚಿನ ಸ್ಕ್ರೂ, ಅಜ್ಜಿಯ ಒನಕೆ

ಚಿಲಕ ಹಾಕಿದ ಹಾಗೆಯೇ ಇತ್ತು. ಬಾಗಿಲು ಮಾತ್ರ ತೆರೆದಿತ್ತು.

ಮಾರ್ಚಿನಲ್ಲಿ ಪುತ್ತೂರಿನ ಕಡೆ ಒಂದು ಉಪನಯನಕ್ಕೆ ಹೋಗಿದ್ದೆವು. ಎರಡು ರಾತ್ರಿ ಅಲ್ಲೇ ಉಳಿದು, ಅಡ್ಕಸ್ಥಳದ ಮೇಲಾಗಿ ಮನೆಗೆ ಬಂದಾಗ ಕಂಡದ್ದು ಇದು. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೂ ಪೆರ್ಲಕ್ಕೂ ನಡುವೆ, ಮಾರ್ಗದಿಂದ ಸ್ವಲ್ಪ ಒಳಗೆ, ತೋಟದ ತಲೆಯಲ್ಲಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ದನದ ಹಟ್ಟಿ, ಮುಂದೆ ಅಡಿಕೆ ಅಂಗಳ. ಈ ಕಡೆ ನೂರು ಮನೆ ನೋಡಿದರೆ ಎಪ್ಪತ್ತು ಹೀಗೇ ಇದ್ದೀತು.

ಅಡುಗೆಮನೆಯ ಹಿಂಬಾಗಿಲಿನಲ್ಲಿ ಬಂದಿದ್ದರು. ಅಟ್ಟದಲ್ಲಿದ್ದ ಮೂರು ಗೋಣಿ ಅಡಿಕೆ ಹೋಗಿತ್ತು. ಅಜ್ಜಿಯ ಕಾಲದ ಕಂಚಿನ ಉರುಳಿಯೂ ಹೋಗಿತ್ತು. ಬಚ್ಚಲಿನ ತಾಮ್ರದ ಹಂಡೆಗೂ ಕೈ ಹಾಕಿದ್ದರು. ಆದರೆ ಅದು ಒಲೆಯ ಕಟ್ಟೆಯಲ್ಲಿ ಹೂತು ಕೂತಿದೆ. ಸುತ್ತ ನಾಲ್ಕು ಕಲ್ಲು ಕಿತ್ತು, ಸಾಕಾಗಿ ಬಿಟ್ಟು ಹೋಗಿದ್ದಾರೆ. ಚಿನ್ನ ಬ್ಯಾಂಕಿನ ಲಾಕರಿನಲ್ಲಿತ್ತು. ಅದನ್ನು ಹುಡುಕಿ ಕಪಾಟಿನ ಸೀರೆಯೆಲ್ಲ ನೆಲಕ್ಕೆ ಹಾಕಿದ್ದರು. ಅಮ್ಮನಿಗೆ ಅಡಿಕೆಗಿಂತ ಜಾಸ್ತಿ ಬೇಸರ ಆದದ್ದು ಅದಕ್ಕೆ.

ಕ್ಯಾಮೆರಾ ಇರಲಿಲ್ವಾ ಎಂದು ಎಲ್ಲರೂ ಕೇಳಿದರು. ಇತ್ತು. ಮುಂದೆ ಎರಡು, ಹಿಂದೆ ಒಂದು. ಹಿಂದಿನದು ಅಕ್ಟೋಬರಿನ ಸಿಡಿಲಿಗೆ ಸತ್ತಿತ್ತು. "ನಾಳೆ ಸರಿಮಾಡಿದರಾಯಿತು" ಎಂದು ಐದು ತಿಂಗಳು ಕಳೆದಿದ್ದೆ. ಮುಂದಿನ ಎರಡರಲ್ಲಿ ನಾವು ಕಾರು ಹತ್ತಿ ಹೋದದ್ದು, ನಾವೇ ಕಾರು ಇಳಿದು ಬಂದದ್ದು ಬಹಳ ಸ್ಪಷ್ಟವಾಗಿ ಬಂದಿತ್ತು.

ದೂರು ಕೊಟ್ಟೆವು. ಠಾಣೆಯಿಂದ ಬಂದವರು ಮಲಯಾಳದಲ್ಲಿ ಕೇಳಿದರು, ಅಮ್ಮ ಕನ್ನಡದಲ್ಲಿ ಉತ್ತರಿಸಿದರು, ಯಾರಿಗೂ ಏನೂ ತೊಂದರೆ ಆಗಲಿಲ್ಲ. ಅವರಲ್ಲಿ ಒಬ್ಬರು ನೆಲದಿಂದ ಒಂದು ಸ್ಕ್ರೂ ಎತ್ತಿ ನನ್ನ ಅಂಗೈಯಲ್ಲಿ ಇಟ್ಟು ಸುಮ್ಮನೆ ನಕ್ಕರು. ಅರ್ಧ ಇಂಚಿನ ಸ್ಕ್ರೂ. ಇಡೀ ಹಿಂಬಾಗಿಲು ನಿಂತಿದ್ದದ್ದು ಅಂಥ ಎರಡು ಸ್ಕ್ರೂಗಳ ಮೇಲೆ.

ಅಲ್ಲಿಂದ ಮೇ ಕೊನೆಯವರೆಗೆ, ರಜಾ ದಿನಗಳಲ್ಲಿ ಮಾಡಿದ ಕೆಲಸದ ಲೆಕ್ಕ ಇದು. ಕೆಟ್ಟದ್ದು, ಎರಡನೇ ಸಲ ಮಾಡಿದ್ದು ಎಲ್ಲ ಸೇರಿದೆ.

ದಾರಂದ

ಚಿಲಕ ನೋಡಿ. ಒಳ್ಳೆಯ ಹಿತ್ತಾಳೆಯದು, ಹೆಬ್ಬೆರಳು ದಪ್ಪ. ಅದಕ್ಕೆ ಏನೂ ಆಗಿರಲಿಲ್ಲ. ಆದರೆ ಚಿಲಕದ ಮೂತಿ ಹೋಗಿ ಕೂರುವ ಪಟ್ಟಿ ಇದೆಯಲ್ಲ, ದಾರಂದಕ್ಕೆ, ಅಂದರೆ ಬಾಗಿಲಿನ ಚೌಕಟ್ಟಿಗೆ, ಹೊಡೆದಿರುವುದು, ಅದು ಕಿತ್ತು ಬಿದ್ದಿತ್ತು. ನಮ್ಮ ಬಾಗಿಲು ಒಳಕ್ಕೆ ತೆರೆಯುತ್ತದೆ. ಹೊರಗಿನಿಂದ ದೂಡಿದ ಬಲ ಅಷ್ಟೂ ಬೀಳುವುದು ಆ ಪಟ್ಟಿಯ ಮೇಲೆ. ಪಟ್ಟಿಯ ದಪ್ಪ, ಹಳೆ ಪೇಂಟಿನ ದಪ್ಪ ಕಳೆದರೆ ಅರ್ಧ ಇಂಚಿನ ಸ್ಕ್ರೂ ಮರದೊಳಗೆ ಹೋಗುವುದು ಎಂಟು-ಒಂಬತ್ತು ಮಿಲಿಮೀಟರ್. ಅಂಗಡಿಯಲ್ಲಿ ಚಿಲಕದ ಜೊತೆ ಪ್ಯಾಕೆಟಿನಲ್ಲಿ ಬರುವುದು ಅದೇ ಸ್ಕ್ರೂ. ನಿಮ್ಮ ಮನೆಯದ್ದನ್ನೂ ಒಂದು ಬಿಚ್ಚಿ ನೋಡಿ.

ಮೊದಲು ಮೂರು ಇಂಚಿನ ಸ್ಟೈನ್‌ಲೆಸ್ ಸ್ಟೀಲ್ ಸ್ಕ್ರೂ ತಂದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು. ಸಾದಾ ಕಬ್ಬಿಣದ ಸ್ಕ್ರೂ ಎರಡು ಮಳೆಗಾಲಕ್ಕೆ ತಲೆ ಕಳೆದುಕೊಳ್ಳುತ್ತದೆ. ದಾರಂದ ಹಳೆಯ ಹಲಸಿನ ಮರ, ಕಲ್ಲಿನ ಹಾಗಾಗಿದೆ. ತೂತು ಕೊರೆಯದೆ ನೇರ ಡ್ರಿಲ್ಲಿನಲ್ಲಿ ತಿರುಗಿಸಿದೆ. ಮುಕ್ಕಾಲು ಒಳಗೆ ಹೋದ ಮೇಲೆ ಟಪ್ ಎಂದು ತಲೆ ಮುರಿಯಿತು. ಸ್ಟೈನ್‌ಲೆಸ್ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ತಿರುಚಿದರೆ ಕಬ್ಬಿಣದಷ್ಟು ತಾಳುವುದಿಲ್ಲ. ಆ ಮುರಿದ ತುಂಡು ಈಗಲೂ ಅಲ್ಲೇ ಇದೆ. ಪಕ್ಕದಲ್ಲಿ ಹೊಸದಾಗಿ ಮೂರು ಮಿಲಿಮೀಟರಿನ ಬಿಟ್ಟಿನಲ್ಲಿ ಪೂರ್ತಿ ಆಳಕ್ಕೆ ತೂತು ಕೊರೆದು, ಸ್ಕ್ರೂವಿಗೆ ಬಟ್ಟೆ ಸೋಪು ಉಜ್ಜಿ, ಕೊನೆಯ ಒಂದು ಇಂಚು ಕೈಯಲ್ಲೇ ತಿರುಗಿಸಿದೆ. ನಾಲ್ಕೂ ಕೂತವು.

ಇಷ್ಟಕ್ಕೇ ಮುಗಿಯಿತು ಎಂದುಕೊಂಡು ಬಾಗಿಲು ಹಾಕಿ ಹೊರಗಿನಿಂದ ಹೆಗಲು ಕೊಟ್ಟೆ. ಚಿಲಕ, ಪಟ್ಟಿ ಎಲ್ಲ ಗಟ್ಟಿ. ದಾರಂದವೇ ಗೋಡೆಯಿಂದ ಒಂದು ಬೆರಳು ಆಚೆ ಈಚೆ ಆಡಿತು.

ಆಗ ಬಡಗಿ ಆಚಾರ್ರನ್ನು ಕರೆದೆ. ಅವರು ದಾರಂದವನ್ನು ಎರಡು ಸಲ ಗುದ್ದಿ, "ಇದು ಬಾಗಿಲಲ್ಲ ಅಣ್ಣ, ಪರದೆ" ಎಂದರು ತುಳುವಿನಲ್ಲಿ. ದಾರಂದ ಮತ್ತು ಕಲ್ಲಿನ ನಡುವೆ ತುಂಬಿದ್ದ ಸುಣ್ಣದ ಗಾರೆ ಪುಡಿಯಾಗಿ ಉದುರಿತ್ತು. ಹೋಲ್ಡ್‌ಫಾಸ್ಟ್ ಎನ್ನುವ, ದಾರಂದವನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ ಒಂದು ಕಡೆ ತುಕ್ಕು ತಿಂದು ಹೋಗಿತ್ತು, ಇನ್ನೊಂದು ಕಡೆ ಇರಲೇ ಇಲ್ಲ.

ಮುರಕಲ್ಲಿಗೆ ಆ್ಯಂಕರ್ ಬೋಲ್ಟ್ ಹೊಡೆಯಬಾರದು ಎಂದು ಆಚಾರ್ರು ಹೇಳಿದರು. ನಾನು ಕೇಳಲಿಲ್ಲ, ಒಂದು ಹೊಡೆದು ನೋಡಿದೆ. ಕಾಂಕ್ರೀಟಿನಲ್ಲಿ ಬೋಲ್ಟ್ ಬಿಗಿಯುತ್ತ ಹೋದಂತೆ ತುದಿ ಅಗಲವಾಗಿ ಕಚ್ಚುತ್ತದೆ. ಮುರಕಲ್ಲು ಮೆತ್ತಗೆ, ಒಳಗೆಲ್ಲ ಪೊಳ್ಳು. ಬೋಲ್ಟ್ ಅಗಲವಾದಷ್ಟೂ ಕಲ್ಲು ಪುಡಿಯಾಗಿ ಕೆಂಪು ಧೂಳು ಬಂತು. ಕೊನೆಗೆ ಬೋಲ್ಟು ಸುಮ್ನೆ ತಿರುಗತೊಡಗಿತು. ಆಚಾರ್ರು ಏನೂ ಹೇಳಲಿಲ್ಲ, ಬೀಡಿ ಹಚ್ಚಿದರು.

ಅವರ ದಾರಿ ಬೇರೆ. ಪ್ರತಿ ಬದಿಗೆ ಮೂರರಂತೆ, ದಾರಂದದ ಮೂಲಕವೇ ಕಲ್ಲಿಗೆ ಒಂದು ಗೇಣು ಆಳಕ್ಕೆ, ಸ್ವಲ್ಪ ಕೆಳಮುಖವಾಗಿ, 16 ಮಿಲಿಮೀಟರಿನ ತೂತು. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು ಧೂಳೆಲ್ಲ ತೆಗೆಯುವುದು. ಇದು ಮುಖ್ಯ. ಧೂಳು ಉಳಿದರೆ ಸಿಮೆಂಟು ಧೂಳನ್ನೇ ಹಿಡಿಯುತ್ತದೆ, ಕಲ್ಲನ್ನಲ್ಲ. ಆಮೇಲೆ ನೀರು ಹಾಕಿ ಕಲ್ಲು ನೆನೆಸುವುದು, ಇಲ್ಲದಿದ್ದರೆ ಒಣ ಮುರಕಲ್ಲು ಸಿಮೆಂಟಿನ ನೀರನ್ನೆಲ್ಲ ಕುಡಿದುಬಿಡುತ್ತದೆ. ಕೊನೆಗೆ ತೆಳು ಸಿಮೆಂಟ್ ಪಾಕ ಹೊಯ್ದು 10 ಮಿಲಿಮೀಟರಿನ ಕಂಬಿ ತೂರಿಸುವುದು. ಕಂಬಿಯ ಹೊರತುದಿಗೆ ಮೊದಲೇ ತಿರುಪಿನ ಮರೆ ಹಾಕಿಸಿದ್ದೆವು, ನಟ್ಟು ಬಿಗಿಯಲು. ಸುತ್ತಲಿನ ಪೊಳ್ಳಿಗೆ ಒಂದಕ್ಕೆ ಮೂರರಂತೆ ಸಿಮೆಂಟು-ಮರಳು ತುಂಬಿದೆವು. ಏಳು ದಿನ ನೀರು ಹಾಕಿ, ಬಾಗಿಲು ಬಡಿಯಬೇಡಿ ಎಂದು ಎಲ್ಲರಿಗೂ ಹೇಳಿ ಹೇಳಿ ಸಾಕಾಯಿತು. ಎಂಟನೇ ದಿನ ನಟ್ಟು ಬಿಗಿದೆ. ದಾರಂದ ಈಗ ಗೋಡೆಯ ಜೊತೆಗೇ ಇದೆ.

ಬಾಗಿಲಿನ ಬಿಜಾಗ್ರಿಗೂ ಇದೇ ರೋಗ ಇತ್ತು. ಅದರ ಸ್ಕ್ರೂಗಳನ್ನೂ ಬದಲಿಸಿದೆ. ಅದರಲ್ಲಿ ಹೇಳುವಂಥದ್ದು ಏನಿಲ್ಲ.

ಅಗುಳಿ ಸಿಕ್ಕಿದ್ದು

ಗಾರೆ ಕೆರೆಯುತ್ತಿರುವಾಗ ಬಾಗಿಲಿನ ಒಳಬದಿಯ ಗೋಡೆಯಲ್ಲಿ, ಸೊಂಟದ ಎತ್ತರದಲ್ಲಿ, ಆಚಾರ್ರ ಸುತ್ತಿಗೆ ಬೇರೆ ಸದ್ದು ಮಾಡಿತು. ಟಕ್ ಟಕ್ ಅಲ್ಲ, ಡಬ್. ಅವರು ನನ್ನ ಮುಖ ನೋಡಿದರು. ಸಿಮೆಂಟು ಒಡೆದಾಗ ಮೂರು ಇಂಚು ಚೌಕದ ಒಂದು ಕಿಂಡಿ. ಕೋಲು ಹಾಕಿದರೆ ಗೋಡೆಯ ಉದ್ದಕ್ಕೆ ಮೂರೂವರೆ ಅಡಿ ಒಳಗೆ ಹೋಯಿತು. ಎದುರಿನ ಬದಿಯಲ್ಲಿ ಮೂರು ಇಂಚಿನ ಒಂದು ಗುಳಿ.

ಅಜ್ಜ ಕಟ್ಟಿಸಿದ ಅಗುಳಿ. ಹಳೆಯ ಮನೆಗಳಲ್ಲಿ ನೋಡಿದ್ದೀರಿ ಅಲ್ವಾ? ಹಗಲು ಮರದ ದಪ್ಪ ಅಡ್ಡಪಟ್ಟಿ ಗೋಡೆಯೊಳಗೆ ಮಲಗಿರುತ್ತದೆ. ರಾತ್ರಿ ಅದನ್ನು ಎಳೆದು, ಬಾಗಿಲಿಗೆ ಅಡ್ಡವಾಗಿ ಎದುರಿನ ಗುಳಿಗೆ ಕೂರಿಸುವುದು. ಹೊರಗಿನಿಂದ ದೂಡಿದ ಬಲ ಸ್ಕ್ರೂವಿಗೂ ಹೋಗುವುದಿಲ್ಲ, ದಾರಂದಕ್ಕೂ ಹೋಗುವುದಿಲ್ಲ, ಒಂದೂವರೆ ಅಡಿ ದಪ್ಪದ ಗೋಡೆಗೇ ಹೋಗುತ್ತದೆ. ನಾನು ಪಿಯುಸಿಯಲ್ಲಿದ್ದಾಗ ಅಡುಗೆಮನೆಗೆ ಟೈಲ್ಸ್ ಹಾಕಿಸುವಾಗ "ಚಂದ ಕಾಣುವುದಿಲ್ಲ" ಎಂದು ಅದನ್ನು ಮುಚ್ಚಿಸಿದ್ದರು. ಆ ಮಾತು ಹೇಳಿದವನು ನಾನೇ ಎಂದು ಅಮ್ಮ ಈಗ ಹೇಳುತ್ತಾರೆ. ನನಗೆ ನೆನಪಿಲ್ಲ.

ಕಿಂಡಿಯೊಳಗೆ ಹಿಡಿಸೂಡಿ ಕಡ್ಡಿ ಹಾಕಿ ಕೆದಕಿದಾಗ ಒರಲೆ ತಿಂದ ಮರದ ಪುಡಿ, ಕಣಜದ ಮಣ್ಣಿನ ಗೂಡು, ಒಂದು ಚೇಳು ಹೊರಗೆ ಬಂದವು. ಅಗುಳಿ ಮಾತ್ರ ಇರಲಿಲ್ಲ. ಆ ಪುಡಿಯೇ ಅಗುಳಿ.

ಹೊಸ ಅಗುಳಿಗೆ ಮರ ಯಾವುದು ಎಂದು ಚರ್ಚೆ ನಡೆಯಿತು. ತೇಗ ತುಟ್ಟಿ. ಕಬ್ಬಿಣದ ಪೈಪ್ ಮಳೆಗಾಲದಲ್ಲಿ ಗೋಡೆಯ ತೇವಕ್ಕೆ ತುಕ್ಕು ಹಿಡಿದು ಒಳಗೇ ಕಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಅಮ್ಮ ಅಟ್ಟದಿಂದ ಒಂದು ಒನಕೆ ಇಳಿಸಿ ತಂದರು. ಬೈನೆ ಮರದ್ದು, ಎರಡೂವರೆ ಇಂಚು ದಪ್ಪ, ತುದಿಗೆ ಕಬ್ಬಿಣದ ಅಣಸು. ಅಜ್ಜಿ ಅದರಲ್ಲಿ ಭತ್ತ ಕುಟ್ಟುತ್ತಿದ್ದರಂತೆ. ಕಳ್ಳರಿಗೆ ಉರುಳಿ ಬೇಕಿತ್ತು, ಒನಕೆ ಬೇಡ. "ಹೈದರಾಲಿಯ ಸೈನಿಕರಿಗೇ ಸಾಕಾಗಿತ್ತು, ಇವರಿಗೆ ಸಾಲದಾ?" ಎಂದರು ಅಮ್ಮ. ಓಬವ್ವನಿಗೆ ಕಾಯಲು ಕೋಟೆಯ ಒಂದು ಕಿಂಡಿ, ನಮಗೆ ಗೋಡೆಯಲ್ಲಿ ಒಂದು ಕಿಂಡಿ.

ಒನಕೆ ಐದು ಅಡಿ ಇತ್ತು. ನಾನು 46 ಇಂಚಿಗೆ ಕತ್ತರಿಸಿದೆ. ಬಾಗಿಲಿನ ಅಗಲ 36, ಆ ಕಡೆ ಮೂರು, ಈ ಕಡೆ ಏಳು ಎಂದು ಲೆಕ್ಕ. ಬೈನೆಗೆ ಗರಗಸ ಹಾಕಿ ಗೊತ್ತಿದ್ದವರಿಗೆ ಗೊತ್ತು, ಕೈ ಬಿದ್ದೇ ಹೋಯಿತು. ಕೂರಿಸಿ ಎಳೆದೆ, ಚೆನ್ನಾಗಿ ಅಡ್ಡ ಬಂತು. ಹಿಂದಕ್ಕೆ ದೂಡಿದೆ. ಕಿಂಡಿಯ ಆಳ 42 ಇಂಚು. ನಾಲ್ಕು ಇಂಚು ಹೊರಗೇ ಉಳಿಯಿತು. ಬಾಗಿಲು ಆ ನಾಲ್ಕು ಇಂಚಿಗೆ ತಾಗಿ ತೆರೆಯಲೇ ಇಲ್ಲ. ಅಮ್ಮ ಹಟ್ಟಿಗೆ ಹೋಗಲು ಚೊಂಬು ಹಿಡಿದು ನಿಂತಿದ್ದವರು ಮುಂಬಾಗಿಲಿನಲ್ಲಿ ಸುತ್ತಿಕೊಂಡು ಹೋದರು. ಮತ್ತೆ ಗರಗಸ. ಈಗ 42, ಎರಡೂ ಬದಿಗೆ ಮೂರು ಮೂರು ಇಂಚು ಹಿಡಿತ. ಎಳೆಯಲು ತುದಿಯಲ್ಲಿ ತೂತು ಕೊರೆದು ನೈಲಾನ್ ಹಗ್ಗದ ಕುಣಿಕೆ. ಜಾರಲು ಕಿಂಡಿಯ ತಳಕ್ಕೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಹಾಸಿದೆ. ಅಮ್ಮನಿಗೆ 72 ವರ್ಷ, ಒಂದೇ ಕೈಯಲ್ಲಿ ಎಳೆಯುತ್ತಾರೆ.

ಇಲ್ಲಿ ಒಂದು ಮಾತು. ಒಳಗಿನಿಂದ ತೆಗೆಯಲು ಬೀಗದ ಕೈ ಬೇಕಾಗುವ ಹಾಗೆ ಏನನ್ನೂ ಮಾಡಬೇಡಿ. ಅಡುಗೆಮನೆಯಲ್ಲಿ ಗ್ಯಾಸ್ ಇದೆ. ಬೆಂಕಿ ಬಿದ್ದ ಹೊತ್ತಿಗೆ ಯಾರೂ ಬೀಗದ ಕೈ ಹುಡುಕುವುದಿಲ್ಲ.

ಮನೆ ಬಿಟ್ಟು ಹೋಗುವಾಗ ಹಿಂದಿನ ಬಾಗಿಲಿಗೂ ಬದಿಯ ಬಾಗಿಲಿಗೂ ಒಳಗಿನಿಂದ ಅಗುಳಿ ಹಾಕಿ, ಮುಂಬಾಗಿಲಿನಿಂದ ಹೊರಬಂದು ಬೀಗ ಹಾಕುವುದು. ಗಟ್ಟಿ ಲೀವರ್ ಲಾಕ್ ಬೇಕಾದದ್ದು ಒಂದೇ ಬಾಗಿಲಿಗೆ. ನಾನು ಮೂರಕ್ಕೂ ತರಲು ಹೊರಟಿದ್ದೆ.

ನಮ್ಮದೇ ಹಾರೆಕೋಲು

ಹೇಳಲು ನಾಚಿಕೆಯ ವಿಷಯ. ಬಾಗಿಲು ಮೀಟಿದ್ದು ನಮ್ಮದೇ ಹಾರೆಕೋಲಿನಿಂದ. ಹಟ್ಟಿಯ ಮೂಲೆಗೆ ಒರಗಿಸಿಟ್ಟದ್ದು ಬಾವಿಕಟ್ಟೆಯ ಹತ್ತಿರ ಬಿದ್ದಿತ್ತು. ತೋಟದ ಮನೆಯೆಂದರೆ ಕಳ್ಳನಿಗೆ ಬೇಕಾದ ಸಾಮಾನೆಲ್ಲ ಅಂಗಳದಲ್ಲೇ ಇರುತ್ತದೆ. ಪಿಕ್ಕಾಸು, ಕತ್ತಿ, ಏಣಿ, ಹಗ್ಗ. ಬರಿಗೈಯಲ್ಲಿ ಬಂದರೂ ಸಾಕು. ಈಗ ಹಟ್ಟಿಯ ಪಕ್ಕದ ಸೌದೆ ಕೊಟ್ಟಿಗೆಗೆ ಬಾಗಿಲು ಮಾಡಿಸಿ ಎಲ್ಲವನ್ನೂ ಒಳಗಿಟ್ಟು ಬೀಗ ಹಾಕುತ್ತೇನೆ. ಏಣಿ ಒಳಗೆ ಹಿಡಿಯುವುದಿಲ್ಲ. ಅದನ್ನು ಗೋಡೆಗೆ ಅಡ್ಡ ಮಲಗಿಸಿ ಸರಪಳಿ ಹಾಕಿದ್ದೇನೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು ಇದು. ಮೊದಲು ಮಾಡಬೇಕಾದದ್ದೂ ಇದೇ.

ಏಣಿ ಸಿಕ್ಕಿದರೆ ಕಳ್ಳನಿಗೆ ಮಾಡಿನ ದಾರಿ. ಹಂಚಿನ ಮನೆಯ ಮಾಡು ಬಾಗಿಲಿಗಿಂತ ಸುಲಭ. ಎರಡು ಸಾಲು ಹಂಚು ಸರಿಸಿದರೆ ಹಂಚು ಹೊರುವ ಪಕ್ಕಾಸಿನ ಮರಗಳ ನಡುವೆ ಮನುಷ್ಯ ಇಳಿಯಬಹುದು, ಸದ್ದೂ ಇಲ್ಲ. ಇಡೀ ಮನೆಗೆ ಮಾಡಲು ಕೈಯಲ್ಲಿ ದುಡ್ಡಿಲ್ಲ. ಅಡಿಕೆ ಇಡುವ ಅಟ್ಟಕ್ಕೆ ಮಾತ್ರ, ಪಕ್ಕಾಸಿನ ಕೆಳಗೆ ಎರಡು ಇಂಚು ಕಣ್ಣಿನ ವೆಲ್ಡ್ ಮೆಶ್ ಹೊಡೆದೆ. ಮೊಳೆ ಸಾಲದು, ಮೀಟಿದರೆ ಬರುತ್ತದೆ. ತಗಡಿನ ಪಟ್ಟಿ ಇಟ್ಟು ಅದರ ಮೇಲೆ ಸ್ಕ್ರೂ. ಇದರಿಂದ ಬೆಕ್ಕು, ಬೆರು (ಕಾಡುಬೆಕ್ಕು) ಅಟ್ಟಕ್ಕೆ ಇಳಿಯುವುದೂ ನಿಂತಿತು. ಇಲಿ ಮಾತ್ರ ಬರುತ್ತಿದೆ.

ಕಿಟಕಿಗಳಲ್ಲಿ ಉದ್ದಕ್ಕೆ ಮರದ ಸರಳು. ಒಂದೊಂದನ್ನೂ ಚೂರಿಯ ಮೊನೆಯಿಂದ ಚುಚ್ಚಿ ನೋಡಿದೆ. ಬಚ್ಚಲಿನ ಕಡೆಯ ಕಿಟಕಿಯಲ್ಲಿ ಎರಡರ ಬುಡ ಬೆಣ್ಣೆಯ ಹಾಗೆ, ಒಳಗೆಲ್ಲ ಒರಲೆ. ಆ ಕಿಟಕಿಗೆ 12 ಮಿಲಿಮೀಟರಿನ ಚೌಕ ಕಂಬಿ ಹಾಕಿಸಿದೆ, ನಾಲ್ಕು ಇಂಚಿಗೆ ಒಂದರಂತೆ.

ಒಬ್ಬರು ಬೇಲಿಗೆ ಕರೆಂಟು ಕೊಡು, ಹಂದಿಯೂ ಬರುವುದಿಲ್ಲ, ಕಳ್ಳನೂ ಬರುವುದಿಲ್ಲ ಎಂದು ಸಲಹೆ ಕೊಟ್ಟರು. ಲೈನಿನಿಂದ ನೇರ ಕರೆಂಟು ಬೇಲಿಗೆ ಕೊಡುವುದು ಅಪರಾಧ. ಸಾಯುವುದು ಕಳ್ಳನೇ ಎಂದೇನೂ ಇಲ್ಲ, ಹಾಲು ತರುವ ಹುಡುಗ, ಸೊಪ್ಪಿಗೆ ಹೋದವರು, ನಮ್ಮದೇ ದನ. ಆ ಮಾತು ಅಲ್ಲಿಗೇ ಬಿಟ್ಟೆ.

ಹನ್ನೆರಡು ವೋಲ್ಟಿನ ಸೈರನ್

ಇದು ನನಗೆ ಇಷ್ಟವಾದ ಭಾಗ, ಹಾಗಾಗಿ ಸ್ವಲ್ಪ ಉದ್ದ.

ವೈಫೈ ಅಲಾರಂ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ನಮ್ಮಲ್ಲಿ ಜೂನಿನಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ದಿನ, ಇಂಟರ್‌ನೆಟ್ ಅದಕ್ಕಿಂತ ಜಾಸ್ತಿ. ಬೇಕಾದದ್ದು ಕರೆಂಟಿಲ್ಲದೆ ವಾರಗಟ್ಟಲೆ ಕಾಯುವ, ಬಾಗಿಲು ತೆರೆದರೆ ಕಿರಿಚುವ ಒಂದು ವಸ್ತು.

ಬಾಗಿಲಿನಲ್ಲಿ ರೀಡ್ ಸ್ವಿಚ್. ಗಾಜಿನ ಸಣ್ಣ ಕೊಳವೆಯಲ್ಲಿ ಎರಡು ತೆಳು ಲೋಹದ ಎಸಳು. ಅಯಸ್ಕಾಂತ ಹತ್ತಿರ ಇದ್ದರೆ ಕೂಡುತ್ತವೆ, ದೂರವಾದರೆ ಬಿಡುತ್ತವೆ. ಸ್ವಿಚ್ ದಾರಂದಕ್ಕೆ, ಅಯಸ್ಕಾಂತ ಬಾಗಿಲಿಗೆ. ಎರಡು ಬಾಗಿಲು, ಅಟ್ಟದ ಬಾಗಿಲು, ಮೂರು ಕಿಟಕಿ. ಆರನ್ನೂ ಒಂದೇ ಸರಪಳಿಯಲ್ಲಿ ಜೋಡಿಸಿದೆ. ಎಲ್ಲಿ ಬಿಟ್ಟರೂ ಸರಪಳಿ ಕಡಿಯುತ್ತದೆ. ಯಾರಾದರೂ ವಯರು ಕತ್ತರಿಸಿದರೂ ಕಡಿಯುತ್ತದೆ.

ಮೊದಲು ಒಂದು ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಹಾಕಿ ಮಾಡಿದೆ. ಅದರಲ್ಲಿ ಎರಡು ದೋಷ. ರಿಲೇ ಹಗಲೂ ರಾತ್ರಿ 30 ಮಿಲಿಆಂಪಿಯರ್ ತಿನ್ನುತ್ತದೆ. 7 ಆಂಪಿಯರ್-ಅವರ್ ಬ್ಯಾಟರಿ ಹತ್ತು ದಿನಕ್ಕೆ ಖಾಲಿ. ಎರಡನೆಯದು ದೊಡ್ಡದು. ಬಾಗಿಲು ಮತ್ತೆ ಮುಚ್ಚಿದರೆ ಸೈರನ್ ನಿಲ್ಲುತ್ತದೆ. ಕಳ್ಳನಿಗೆ ಅಷ್ಟು ಬುದ್ಧಿ ಇಲ್ವಾ?

ಎರಡನೇ ಸಲ ಎಸ್‌ಸಿಆರ್. ಅದೂ ಒಂದು ಎಲೆಕ್ಟ್ರಾನಿಕ್ ಸ್ವಿಚ್. ಸಿ106 ಎಂಬುದು ಸಿಗುತ್ತದೆ, ಬೆಲೆ ಕಡಿಮೆ. ಅದರ ಗೇಟ್ ಎಂಬ ಕಾಲಿಗೆ ಒಮ್ಮೆ ಸ್ವಲ್ಪ ಕರೆಂಟು ತಾಗಿದರೆ ಸಾಕು, ಆಮೇಲೆ ಗೇಟು ಬಿಟ್ಟರೂ ಅದು ಹಿಡಿದುಕೊಂಡೇ ಇರುತ್ತದೆ. ಬ್ಯಾಟರಿ ಕಡಿಯುವವರೆಗೆ ನಿಲ್ಲುವುದಿಲ್ಲ. 12 ವೋಲ್ಟಿನಿಂದ 10 ಕಿಲೋಓಮ್ ರೆಸಿಸ್ಟರ್ ಮೂಲಕ ಗೇಟಿಗೆ. ಗೇಟಿನಿಂದ ಕ್ಯಾಥೋಡ್ ಎಂಬ ಇನ್ನೊಂದು ಕಾಲಿಗೆ 1 ಕಿಲೋಓಮ್. ಬಾಗಿಲುಗಳ ಸರಪಳಿ ಗೇಟನ್ನು ನೆಲಕ್ಕೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ, ಒತ್ತಿ ಹಿಡಿದಿರುತ್ತದೆ. ಸರಪಳಿ ಕಡಿದರೆ ಗೇಟು ಮೇಲೇಳುತ್ತದೆ, ಸೈರನ್ ಕೂಗುತ್ತದೆ. ಸುಮ್ಮನೆ ಕಾಯುವಾಗ ತಿನ್ನುವುದು 1.2 ಮಿಲಿಆಂಪಿಯರ್. ಲೆಕ್ಕದ ಪ್ರಕಾರ ಬ್ಯಾಟರಿ ಆರು ತಿಂಗಳಿಗೂ ಮೇಲೆ ಬರಬೇಕು. ಬ್ಯಾಟರಿ ತಾನಾಗಿ ಇಳಿಯುವುದೂ ಇದೆಯಲ್ಲ, ಅದಕ್ಕೆ ಸಣ್ಣ ಚಾರ್ಜರ್ ಇಟ್ಟಿದ್ದೇನೆ.

ಒಂದು ಸಣ್ಣ ಗುಟ್ಟು. ಸೈರನ್ ಕೂಗುವಾಗ ಒಳಗೊಳಗೆ ಕರೆಂಟನ್ನು ಕಡಿದು ಕಡಿದು ಎಳೆಯುತ್ತದೆ. ಆ ಕಡಿಯುವ ಗಳಿಗೆಯಲ್ಲಿ ಎಸ್‌ಸಿಆರ್ ಹಿಡಿತ ಬಿಟ್ಟುಬಿಡುತ್ತದೆ. ಹಾಗಾಗಿ ಸೈರನ್ನಿನ ಎರಡು ತುದಿಗೆ ಇನ್ನೊಂದು 1 ಕಿಲೋಓಮ್ ಹಾಕಿ, ಸಣ್ಣ ಕರೆಂಟು ಸದಾ ಹರಿಯುವಂತೆ ಮಾಡಬೇಕು. ಇದು ತಿಳಿಯದೆ ನಾನು ಎರಡು ಸಂಜೆ ಮೂರು ಎಸ್‌ಸಿಆರ್ ಬದಲಿಸಿದೆ. ತಪ್ಪು ಅದರದ್ದಾಗಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ರಾತ್ರಿ ಎರಡು ಗಂಟೆಗೆ ಸೈರನ್ ಕೂಗಿತು. ಒನಕೆ ನೆನಪಾಯಿತು, ಅದು ಬಾಗಿಲಿನಲ್ಲೇ ಇತ್ತು. ಟಾರ್ಚು ಹಿಡಿದು ಸುತ್ತು ಹಾಕಿದೆ. ಯಾರೂ ಇಲ್ಲ. ದೂರದಲ್ಲಿ ಗುಡುಗು. ಮತ್ತೆ ಮಲಗಿದೆ, ಮತ್ತೊಂದು ಮಿಂಚು, ಮತ್ತೆ ಸೈರನ್. ಮನೆ ಸುತ್ತ ಎಳೆದ ಉದ್ದದ ವಯರು ಆಂಟೆನಾದ ಹಾಗೆ ಮಿಂಚನ್ನು ಹಿಡಿಯುತ್ತಿತ್ತು. ಹೋಗುವ ವಯರು, ಬರುವ ವಯರು ಎರಡನ್ನೂ ಜಡೆಯ ಹಾಗೆ ಹೆಣೆದು ಎಳೆದೆ. ಸರಪಳಿಗೂ ಗೇಟಿಗೂ ನಡುವೆ 100 ಓಮ್, ಗೇಟಿನಿಂದ ನೆಲಕ್ಕೆ 47 ಮೈಕ್ರೋಫ್ಯಾರಡ್ ಕೆಪಾಸಿಟರ್. ಮೇ ತಿಂಗಳ ಸಿಡಿಲಿಗೆಲ್ಲ ಸುಮ್ಮನಿತ್ತು.

ರೀಡ್ ಸ್ವಿಚ್ಚಿನಲ್ಲೂ ಒಂದು ಹೋಯಿತು. ತೂತು ಬಿಗಿ ಇತ್ತು, ದೂಡಿದೆ, ಗಾಜು ಒಡೆಯಿತು. ಇನ್ನೊಂದನ್ನು ಕಬ್ಬಿಣದ ಪಟ್ಟಿಯ ಮೇಲೆ ಕೂರಿಸಿದ್ದೆ, ಅಯಸ್ಕಾಂತದ ಬಲವನ್ನೆಲ್ಲ ಕಬ್ಬಿಣವೇ ಎಳೆದುಕೊಂಡಿತು. ನಡುವೆ ಅರ್ಧ ಇಂಚು ಮರದ ತುಂಡು ಇಟ್ಟ ಮೇಲೆ ಸರಿಯಾಯಿತು.

ಮುಂಬಾಗಿಲು ಈ ಸರಪಳಿಯಲ್ಲಿ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ಅಂಗಳಕ್ಕೆ ನೀರು ಹಾಕುವ ಅಮ್ಮ ಸ್ವಿಚ್ ಆರಿಸಲು ನೆನಪಿಡುತ್ತಾರೆ ಎಂದು ನಂಬುವಷ್ಟು ಧೈರ್ಯ ನನಗಿಲ್ಲ.

ಬೆಳಕು, ಕ್ಯಾಮೆರಾ

ಹಿಂದಿನ ಅಂಗಳಕ್ಕೆ, ಮೈಬಿಸಿ ಹಿಡಿಯುವ ಪಿಐಆರ್ ಸೆನ್ಸಾರ್ ಇರುವ ಎಲ್‌ಇಡಿ ದೀಪ. ಸೆನ್ಸಾರನ್ನು ಮೊದಲು ದಾರಿಗೆ ನೇರ ಎದುರಾಗಿ ಇಟ್ಟೆ. ನಾನೇ ನಡೆದು ಬಂದರೂ ಎರಡು ಮಾರು ಹತ್ತಿರ ಬರುವವರೆಗೆ ಹತ್ತಲಿಲ್ಲ. ಅದಕ್ಕೆ ತಿಳಿಯುವುದು ತನ್ನ ಮುಂದೆ ಅಡ್ಡ ಹಾಯುವ ಬಿಸಿ. ನೇರ ಬರುವವರು ಅದಕ್ಕೆ ಅಷ್ಟಾಗಿ ಕಾಣುವುದಿಲ್ಲ. ದಾರಿಗೆ ಅಡ್ಡವಾಗಿ, ಏಳು ಅಡಿ ಎತ್ತರಕ್ಕೆ ಬದಲಿಸಿದ ಮೇಲೆ ಹಟ್ಟಿಯ ಮೂಲೆಯಿಂದಲೇ ಹಿಡಿಯುತ್ತದೆ. ಮೊದಲ ಮಳೆಗೆ ರೆಕ್ಕೆ ಬಂದ ಒರಲೆ ದೀಪಕ್ಕೆ ಮುತ್ತಿದವು. ಅದನ್ನು ತಿನ್ನಲು ಹಲ್ಲಿ, ಕಪ್ಪೆ. ಹಲ್ಲಿ ಸೆನ್ಸಾರಿನ ಮೇಲೆಯೇ ಕೂತು ರಾತ್ರಿಯಿಡೀ ದೀಪ ಹತ್ತಿಸಿತು. ದೀಪವನ್ನು ಸೆನ್ಸಾರಿನಿಂದ ನಾಲ್ಕು ಅಡಿ ದೂರ ಇಟ್ಟೆ.

ಕ್ಯಾಮೆರಾ ಕೊನೆಗೆ. ಸತ್ತ ಕ್ಯಾಮೆರಾದಲ್ಲಿ ಸುಟ್ಟದ್ದು ಬರೀ ಅಡಾಪ್ಟರ್, ಹೊಸದು ಹಾಕಿದರೆ ಬದುಕಿತು. ಐದು ತಿಂಗಳು ಸುಮ್ನೆ ಬಿಟ್ಟಿದ್ದೆನಲ್ಲ ಎಂದು ತಲೆ ಚಚ್ಚಿಕೊಂಡೆ. ಮಾಡಿನ ತುದಿಯಲ್ಲಿ ಹನ್ನೆರಡು ಅಡಿ ಎತ್ತರದಲ್ಲಿದ್ದರೆ ಬರುವುದು ಟೊಪ್ಪಿಯ ಚಿತ್ರ ಮಾತ್ರ. ಅದನ್ನು ಇಳಿಸಿ ಮುಖದ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಹಟ್ಟಿಯ ಕಂಬಕ್ಕೆ ಕಟ್ಟಿದೆ. ರೆಕಾರ್ಡರ್ ಪೆಟ್ಟಿಗೆ ಚಾವಡಿಯಲ್ಲಿ ಟಿವಿಯ ಕೆಳಗೆ ಇತ್ತು, ಕಳ್ಳ ಅದನ್ನೂ ಹೊತ್ತುಕೊಂಡು ಹೋಗಬಹುದಿತ್ತು. ಈಗ ಎಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ. ರಾತ್ರಿ ಚಿತ್ರ ಬೆಳ್ಳಗೆ ಮಂಜಾದರೆ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳಬೇಡಿ. ಅದರ ಮುಂದೆ ಜೇಡ ಬಲೆ ಕಟ್ಟುತ್ತದೆ, ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಬಲೆಗೆ ತಾಗಿ ಮರಳುತ್ತದೆ. ವಾರಕ್ಕೊಮ್ಮೆ ಹಿಡಿಸೂಡಿ ಆಡಿಸಿದರೆ ಸಾಕು.

ಇನ್ನು ಮನೆ ಬಿಟ್ಟು ಹೋಗುವಾಗ. ಕೇರಳ ಪೊಲೀಸರ ಪೋಲ್ ಆ್ಯಪ್‌ನಲ್ಲಿ ಬೀಗ ಹಾಕಿದ ಮನೆಯ ವಿವರ ಕೊಡುವ ವ್ಯವಸ್ಥೆ ಇದೆ. ಹೋಗುವ ದಿನ, ಬರುವ ದಿನ, ಹತ್ತಿರದವರ ಫೋನ್ ನಂಬರು ಹಾಕಿದರೆ 14 ದಿನದವರೆಗೆ ಆ ಕಡೆ ಕಣ್ಣಿಡುತ್ತಾರೆ. ಮಾರ್ಚಿನಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ವಾಟ್ಸಾಪ್ ಸ್ಟೇಟಸ್. ಉಪನಯನದ ಫೋಟೋವನ್ನು ಮೊದಲ ದಿನವೇ ಹಾಕಿ, ನಾವು ಮನೆಯಲ್ಲಿಲ್ಲ ಎಂದು ಊರಿಗೆಲ್ಲ ಹೇಳಿದ್ದೆ.

ಪರೀಕ್ಷೆ

ಮೇ ಕೊನೆಯ ಭಾನುವಾರ ಭಾವ ಬಂದಿದ್ದರು. ಹಿಂದೆ ಅಡಿಕೆ ಮರ ಹತ್ತುತ್ತಿದ್ದವರು, ಕೈಯಲ್ಲಿ ಬಲ ಇದೆ. "ಅದೇ ಹಾರೆಕೋಲು ತಗೊಳ್ಳಿ ಭಾವ, ಹತ್ತು ನಿಮಿಷ ಕೊಡುತ್ತೇನೆ, ಒಳಗೆ ಬನ್ನಿ" ಎಂದೆ. ನಾನೂ ಅಮ್ಮನೂ ಒಳಗೆ, ಒನಕೆ ಅಡ್ಡ, ಸೈರನ್ ಸ್ವಿಚ್ ಹಾಕಿದೆ. ಆಚೆಮನೆಯ ಅಕ್ಕನಿಗೆ ಮಾತ್ರ ಹೇಳಿಟ್ಟಿದ್ದೆ, ಸೈರನ್ ಕೇಳಿದರೆ ಹೆದರಬೇಡಿ ಎಂದು.

ಭಾವ ಮೊದಲು ಚಿಲಕದ ಕಡೆ ಮೀಟಿದರು. ಬಾಗಿಲಿನ ಅಂಚು ಒಂದು ಗೇಣು ಸೀಳಿತು, ಚಿಲಕದ ಪಟ್ಟಿ ಸ್ವಲ್ಪ ಬಾಗಿತು, ಸ್ಕ್ರೂ ಅಲುಗಲಿಲ್ಲ. ಮೂರನೇ ನಿಮಿಷಕ್ಕೆ ಬಾಗಿಲಿನ ಮೇಲ್ತುದಿ ಒಳಕ್ಕೆ ವಾಲಿ ರೀಡ್ ಸ್ವಿಚ್ ಬಿಟ್ಟಿತು. ಸೈರನ್ ಕೂಗಿತು. ಹಟ್ಟಿಯಲ್ಲಿ ದನ ಹಗ್ಗ ಜಗ್ಗಿತು. ಭಾವ ನಿಲ್ಲಿಸಲಿಲ್ಲ, ಹಠ ಹಿಡಿದಿತ್ತು. ಒನಕೆ ಕಿರ್ ಎಂದಿತು, ಅಷ್ಟೇ. ಆರನೇ ನಿಮಿಷಕ್ಕೆ ಹಾರೆಕೋಲು ಬಿಸಾಡಿ ಬಾವಿಕಟ್ಟೆಯ ಮೇಲೆ ಕೂತರು.

ಅಷ್ಟರಲ್ಲಿ ಆಚೆಮನೆಯ ಅಣ್ಣ ಕತ್ತಿ ಹಿಡಿದು ತೋಟದಲ್ಲಿ ಓಡಿ ಬಂದರು. ಅಕ್ಕ ಅವರಿಗೆ ಹೇಳಲು ಮರೆತಿದ್ದರು. ಹಿಂಬಾಗಿಲಿನ ಎದುರು ಬೆವರು ಸುರಿಸುತ್ತ ಕೂತಿದ್ದ ಭಾವನನ್ನು ಗುರುತು ಹಿಡಿಯಲು ಅವರಿಗೆ ಒಂದು ಗಳಿಗೆ ಬೇಕಾಯಿತು. ಆ ಗಳಿಗೆಯ ಬಗ್ಗೆ ಭಾವ ಈಗಲೂ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಾರೆ.

ಎಲ್ಲ ಸೇರಿ ಖರ್ಚು 14,000 ರೂಪಾಯಿಯ ಹತ್ತಿರ. ಅದರಲ್ಲಿ ಅರ್ಧ ಆಚಾರ್ರ ಕೂಲಿ ಮತ್ತು ಮೆಶ್. ಉಳಿದಿರುವ ಕೆಲಸ ಎರಡು. ಬಚ್ಚಲಿನ ಹೊಗೆ ಹೋಗುವ ಕಿಂಡಿಗೆ ಕಂಬಿ ಆಗಿಲ್ಲ. ಕಳ್ಳ ಒಡೆದದ್ದನ್ನೆಲ್ಲ ಸರಿಮಾಡಿ ಆಯಿತು, ಈಗ ಭಾವ ಸೀಳಿದ ಅಂಚಿಗೆ ಮತ್ತೆ ಆಚಾರ್ರಿಗೆ ಫೋನ್ ಮಾಡಬೇಕು.